ಅತ್ತೆಯ ತರಿಪಾಠ

ನಮ್ಮ ಮನೆಯಲ್ಲಿ ಮಾತೆಲ್ಲ ಮಾವನ ಪಾಲು. ಬೀದಿಗೆ ತೆರೆದುಕೊಂಡ ಮುಂದಿನ ಕೋಣೆಯೇ ಅವರ ಹೊಲಿಗೆ ಅಂಗಡಿ. ಯಂತ್ರ ತುಳಿಯುತ್ತ, ತುಟಿಯಂಚಿನಲ್ಲಿ ಎರಡು ಗುಂಡುಸೂಜಿ ಕಚ್ಚಿಕೊಂಡೇ, ಬಂದವರೊಡನೆ ಬೆಳಗಿನಿಂದ ಸಂಜೆಯವರೆಗೆ ಮಾತಾಡುತ್ತಿದ್ದರು. ಅತ್ತೆಯನ್ನು ಯಾರಾದರೂ ಮಾತಾಡಿಸಿದರೂ ಉತ್ತರ ಮಾವನಿಂದಲೇ ಬರುತ್ತಿತ್ತು. “ಚೆನ್ನಾಗಿದ್ದೀರಾಮ್ಮಾ?” ಎಂದು ಯಾರೋ ಕೇಳಿದರೆ, “ಅವಳಿಗೇನ್ರೀ, ಗಟ್ಟಿಮುಟ್ಟಾಗಿದ್ದಾಳೆ, ಮಂಡಿ ನೋವು ನಂದು” ಎಂದು ಮಾವ ತಮ್ಮ ಮಂಡಿಯ ಚರಿತ್ರೆ ಶುರುಮಾಡುತ್ತಿದ್ದರು. ಅತ್ತೆ ಒಂದು ಸಣ್ಣ ನಗು ನಕ್ಕು ಒಳಗೆ ಹೋಗುತ್ತಿದ್ದರು. ಸೊಸೆಯಾಗಿ ಬಂದ ಹೊಸತರಲ್ಲಿ ಅವರಿಗೆ ನನ್ನ ಮೇಲೆ ಏನೋ ಮುನಿಸಿರಬೇಕು ಅಂದುಕೊಂಡಿದ್ದೆ. ಅವರು ಎಲ್ಲರೊಡನೆಯೂ ಹಾಗೆಯೇ ಎಂದು ತಿಳಿಯಲು ಒಂದು ವರ್ಷ ಹಿಡಿಯಿತು.

ಅತ್ತೆ ಮಾತ್ರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಬೆಳಿಗ್ಗೆ ಏಳಕ್ಕೆ ಹೊರಟರೆ ನಾಲ್ಕೂವರೆಗೆ ಮನೆ. “ಮಾತ್ರೆ ಪ್ಯಾಕ್ ಮಾಡ್ತಾಳೆ” ಎಂದು ಮಾವ ಊರಿಗೆಲ್ಲ ಹೇಳಿದ್ದರು. ಎಲೆಕ್ಟ್ರಿಕ್ ಸಾಮಾನಿನ ಅಂಗಡಿಯಲ್ಲಿ ಕೆಲಸ ಮಾಡುವ ನನ್ನ ಗಂಡನೂ ಅದನ್ನೇ ನಂಬಿದ್ದ. ಅವನು ನನಗೆ ಹೇಳಿದ್ದರಿಂದ ನಾನೂ ನಂಬಿದ್ದೆ. ಅತ್ತೆ ಅದನ್ನು ತಿದ್ದುವ ಗೋಜಿಗೆ ಹೋದವರಲ್ಲ.

ನಾನು ಮನೆಯಿಂದ ಎರಡು ಬೀದಿ ಆಚೆಗಿನ ಶಾಲೆಯಲ್ಲಿ ಮೂರನೇ ತರಗತಿಗೆ ಟೀಚರು. ಆ ವರ್ಷ ಹೊಸ ಪಠ್ಯಪುಸ್ತಕ ಬಂದಿತ್ತು. ಅದರಲ್ಲಿ ‘ವಸ್ತುಗಳ ರೂಪ’ ಎಂಬ ಪಾಠ. ಗಟ್ಟಿ, ಪುಡಿ, ಹರಳು ಎಲ್ಲ ಸಲೀಸಾಗಿ ಮುಗಿದವು. ನಾಲ್ಕನೆಯದಾಗಿ ‘ತರಿ’ ಎಂದು ಬರೆದು, ‘ಸಣ್ಣ ಕಣಗಳು ಒಗ್ಗೂಡಿ ಆದ ದೊಡ್ಡ ಕಣವೇ ತರಿ’ ಎಂದು ಒಂದೇ ಸಾಲಿನಲ್ಲಿ ಕೈ ತೊಳೆದುಕೊಂಡಿದ್ದರು. ಚಿತ್ರವಿಲ್ಲ, ಉದಾಹರಣೆಯಿಲ್ಲ. ಸಂಜೆ ಅಡುಗೆಮನೆಯ ಮೇಜಿನ ಮೇಲೆ ಪುಸ್ತಕ ಹರಡಿಕೊಂಡು ಮರುದಿನದ ಪಾಠಕ್ಕೆ ಟಿಪ್ಪಣಿ ಬರೆಯುತ್ತ ಕುಳಿತಿದ್ದೆ. ಎದುರಿಗೆ ಅತ್ತೆ ಬಟಾಣಿ ಸುಲಿಯುತ್ತಿದ್ದರು. “ಉದಾಹರಣೆಗೆ, ಮರಳು” ಎಂದು ಬಾಯಲ್ಲಿ ಹೇಳಿಕೊಳ್ಳುತ್ತ ಬರೆದೆ.

“ಮರಳು ತರಿ ಅಲ್ಲ” ಎಂದರು ಅತ್ತೆ.

ನಾನು ತಲೆಯೆತ್ತಿ ನೋಡಿದೆ. ಅವರು ಸಿಪ್ಪೆಯ ಕಡೆಗೇ ನೋಡುತ್ತಿದ್ದರು.

“ಮರಳು ಒಡೆದು ಆಗಿದ್ದು. ತರಿ ಕಟ್ಟಿ ಆಗಿದ್ದು. ನಮ್ಮ ಲೆಕ್ಕದಲ್ಲಿ ಎರಡೂ ಬೇರೆ.”

“ನಿಮ್ಮ ಲೆಕ್ಕ ಅಂದ್ರೆ?”

“ಫ್ಯಾಕ್ಟರೀದು. ಅಲ್ಲಿ ಗ್ರಾನ್ಯೂಲ್ಸ್ ಅಂತಾರೆ. ಅದನ್ನ ಮಾಡೋದೇ ಅಲ್ವಾ ನನ್ನ ಕೆಲಸ.”

“ನೀವು ಪ್ಯಾಕಿಂಗ್‌ನಲ್ಲಿ ಇರೋದಲ್ವಾ ಅತ್ತೆ?”

“ಯಾರಂದ್ರು?” ಎಂದು ಕೇಳಿ, ಉತ್ತರ ತಾವೇ ಊಹಿಸಿಕೊಂಡವರಂತೆ ಅಂಗಡಿಯ ಕಡೆ ಒಮ್ಮೆ ನೋಡಿ, ಮತ್ತೆ ಬಟಾಣಿಗೆ ಮರಳಿದರು.

ಅಂದು ನಾನು ಬಿಡಲಿಲ್ಲ. ಒಂದೊಂದೇ ಮಾತು ಹೊರಗೆಳೆದೆ. ಅವರು ಕೆಲಸಕ್ಕೆ ಸೇರಿದ್ದು ಮೂವತ್ತೊಂದನೆಯ ವಯಸ್ಸಿನಲ್ಲಿ, ನೆಲ ತೊಳೆಯುವವರಾಗಿ. ನಾಲ್ಕನೇ ತರಗತಿಗೇ ಶಾಲೆ ಬಿಟ್ಟವರು. ಆಗ ತರಿ ಮಾಡುವ ಕೋಣೆಯಲ್ಲಿ ಒಬ್ಬ ವಯಸ್ಸಾದ ಕೆಲಸಗಾರರಿದ್ದರಂತೆ. ಒಂದು ದಿನ ಇವರು ಗೋಡೆ ಒರೆಸುತ್ತಿದ್ದಾಗ, ಅವರು ಮಿಕ್ಸರಿನಿಂದ ಒಂದು ಹಿಡಿ ಒದ್ದೆ ಹಿಟ್ಟು ತೆಗೆದು, “ಇಲ್ಲಿ ಬಾ ತಾಯಿ, ಇದನ್ನ ಹಿಡಿದು ನೋಡು” ಎಂದು ಇವರ ಕೈಗೆ ಕೊಟ್ಟರು. ಅತ್ತೆ ಮುಷ್ಟಿ ಕಟ್ಟಿ, ಬಿಡಿಸಿ, “ಇನ್ನೊಂಚೂರು ನೀರು ಬೇಕು” ಎಂದರು. ಆ ಹಿರಿಯರು ಬಿದ್ದು ಬಿದ್ದು ನಕ್ಕರಂತೆ. ಅವರ ಮನಸ್ಸಿನಲ್ಲಿದ್ದದ್ದೂ ಅದೇ ಮಾತು. ಮುಂದಿನ ತಿಂಗಳಿಂದ ಅತ್ತೆ ಅವರ ಸಹಾಯಕಿ. ಆರು ವರ್ಷದ ನಂತರ ಅವರು ನಿವೃತ್ತರಾದಾಗ ಆ ಕೋಣೆ ಅತ್ತೆಯದಾಯಿತು. ಕಾರ್ಖಾನೆಯಲ್ಲಿ ಅವರನ್ನು ‘ಮುಷ್ಟಿಯಕ್ಕ’ ಎಂದು ಕರೆಯುತ್ತಾರೆ ಎನ್ನುವುದನ್ನು ಹೇಳುವಾಗ ಮಾತ್ರ ಅವರ ಮುಖ ಸ್ವಲ್ಪ ಕೆಂಪಾಯಿತು.

“ಶನಿವಾರ ಶಾಲೆಗೆ ಬನ್ನಿ ಅತ್ತೆ. ಮಕ್ಕಳಿಗೆ ನೀವೇ ಹೇಳಿ” ಎಂದೆ.

“ಹುಚ್ಚಾ ನಿಂಗೆ? ನಾನು ಹೇಳೋದೇನು, ಅವು ಕೇಳೋದೇನು!”

ಎರಡು ದಿನ ಬೆನ್ನು ಹತ್ತಿದೆ. ಕೊನೆಗೆ ಒಪ್ಪಿಕೊಂಡರು. ಶನಿವಾರ ಅವರಿಗೆ ರಜೆ, ನಮಗೆ ಅರ್ಧ ದಿನ ಶಾಲೆ.

ಆ ಶನಿವಾರ ಅತ್ತೆ ಇಸ್ತ್ರಿ ಮಾಡಿದ ಬಟ್ಟೆ ಉಟ್ಟು, ಕೈಯಲ್ಲಿ ನಾಲ್ಕಾಗಿ ಮಡಚಿದ ಒಂದು ಕಾಗದ ಹಿಡಿದು ಬಂದರು. ಕಾರ್ಖಾನೆಯ ಯಾವನೋ ಓದಿದ ಹುಡುಗನಿಂದ ಬರೆಸಿಕೊಂಡಿದ್ದರು. ಮೂವತ್ತನಾಲ್ಕು ಮಕ್ಕಳು ಎದ್ದು ನಿಂತು, “ನಮಸ್ತೇ ಅಜ್ಜೀ” ಎಂದು ರಾಗ ಎಳೆದರು. ಅತ್ತೆ ಕಾಗದ ಬಿಡಿಸಿ ಓದಲು ತೊಡಗಿದರು. ‘ಬಂಧಕ ದ್ರಾವಣದ ನೆರವಿನಿಂದ ಸೂಕ್ಷ್ಮ ಕಣಗಳನ್ನು ಸಂಯೋಜಿಸುವ ಪ್ರಕ್ರಿಯೆಯು…’ ಪ್ರತಿ ಪದಕ್ಕೂ ತಡವರಿಸುತ್ತಿದ್ದರು. ಅರ್ಧ ಪುಟಕ್ಕೆ ಬರುವಷ್ಟರಲ್ಲಿ ಹಿಂದಿನ ಬೆಂಚಿನವರು ರಬ್ಬರ್ ಎಸೆದಾಡಲು ಶುರುಮಾಡಿದ್ದರು. ನಾನು ಕಣ್ಣು ಬಿಟ್ಟು ಸುಮ್ಮನಿರಿಸಿದೆ. ಅಷ್ಟರಲ್ಲಿ ಹೆಡ್‌ಮಾಸ್ಟರು ಬಾಗಿಲಲ್ಲಿ ಬಂದು ನಿಂತರು.

ನನ್ನ ತರಗತಿಯಲ್ಲಿ ಒಂದು ಹುಡುಗಿ ಇದ್ದಳು. ಏನು ಹೇಳಿದರೂ ‘ಯಾಕೆ?’ ಎನ್ನುತ್ತಿದ್ದುದರಿಂದ ಉಳಿದ ಮಕ್ಕಳು ಅವಳಿಗೆ ‘ಯಾಕಮ್ಮ’ ಎಂದು ಹೆಸರಿಟ್ಟಿದ್ದರು. ಅವಳಿಗೆ ಅದರಿಂದ ಬೇಸರವೇನೂ ಇರಲಿಲ್ಲ. ಯಾಕಮ್ಮ ಕೈಯೆತ್ತಿದಳು.

“ಅಜ್ಜಿ, ಮಾತ್ರೆ ಮಾಡೋಕೆ ಮೊದಲು ಹಿಟ್ಟು ಇರುತ್ತಾ?”

“ಹೂಂ ಮಗಾ, ಹಿಟ್ಟಿನ ಹಾಗಿರೋ ಪುಡಿ.”

“ಆಮೇಲೆ ಅದನ್ನ ತರಿ ಮಾಡ್ತೀರಾ?”

“ಹೂಂ.”

“ಆಮೇಲೆ ಆ ತರೀನ ಒತ್ತಿ ಮಾತ್ರೆ ಮಾಡ್ತಾರಾ?”

“ಹೌದು.”

“ಹಿಟ್ಟನ್ನೇ ಒತ್ತಿದ್ರೆ ಆಗಲ್ವಾ? ಮಧ್ಯದಲ್ಲಿ ತರಿ ಯಾಕೆ?”

ಅತ್ತೆ ಕೈಯಲ್ಲಿದ್ದ ಕಾಗದ ನೋಡಿದರು. ತಿರುಗಿಸಿ ಹಿಂಬದಿಯನ್ನೂ ನೋಡಿದರು. ರಬ್ಬರ್ ಎಸೆಯುತ್ತಿದ್ದವರೂ ಈಗ ಅಜ್ಜಿ ಏನು ಹೇಳುತ್ತಾರೋ ಎಂದು ಕತ್ತು ಚಾಚಿ ಕಾದರು. ಅತ್ತೆ ಕಾಗದವನ್ನು ನಿಧಾನವಾಗಿ ಮಡಚಿದರು.

“ನಂಗೊತ್ತಿಲ್ಲ ಮಗಾ. ಕೇಳ್ಕೊಂಡು ಬಂದು ಹೇಳ್ತೀನಿ” ಎಂದರು.

ಹೆಡ್‌ಮಾಸ್ಟರು ಒಮ್ಮೆ ಕೆಮ್ಮಿ ಹೊರಟುಹೋದರು. ನನಗೆ ನೆಲ ಬಾಯ್ಬಿಡಬಾರದೇ ಅನ್ನಿಸಿತು. ಮನೆಗೆ ನಡೆದು ಬರುವಾಗ ಸಮಾಧಾನ ಮಾಡೋಣವೆಂದು, “ಮಕ್ಕಳು ಹಾಗೇ ಅತ್ತೆ, ಅಡ್ಡಾದಿಡ್ಡಿ ಕೇಳ್ತಾವೆ. ಮನಸ್ಸಿಗೆ ಹಚ್ಕೋಬೇಡಿ” ಎಂದೆ.

ಅವರಿಗೆ ನನ್ನ ಸಮಾಧಾನ ಬೇಕಿರಲಿಲ್ಲ. “ಅಡ್ಡಾದಿಡ್ಡಿ ಎಲ್ಲಿ ಕೇಳ್ತು? ಸರಿಯಾಗೇ ಕೇಳ್ತಲ್ಲ. ಇಪ್ಪತ್ತಾರು ವರ್ಷದಲ್ಲಿ ನಾನೇ ಕೇಳ್ಕೊಂಡಿಲ್ಲ ನೋಡು” ಎಂದು ಮನೆ ತಲುಪುವವರೆಗೆ ಅದೇ ಧ್ಯಾನದಲ್ಲಿದ್ದರು.

ಮುಂದೆ ಆದದ್ದನ್ನು ಅವರು ಆ ವಾರವಿಡೀ ಸಂಜೆಗಳಲ್ಲಿ ನನಗೆ ಸ್ವಲ್ಪ ಸ್ವಲ್ಪವಾಗಿ ಹೇಳಿದರು.

ಅವರ ಕೋಣೆಗೆ ಕಿಟಕಿಯಿಲ್ಲ. ನಡುವೆ ಎದೆಯೆತ್ತರದ ಉಕ್ಕಿನ ಮಿಕ್ಸರ್. ಮೂಲೆಯಲ್ಲಿ ಗಂಜಿ ಕಾಯಿಸುವ ಪಾತ್ರೆ. ಪಿಷ್ಟವನ್ನು ನೀರಿನಲ್ಲಿ ಕುದಿಸಿ ಮಾಡಿದ ಆ ಗಂಜಿಯೇ ಪುಡಿಯನ್ನು ಅಂಟಿಸುವುದು. ಬಟ್ಟೆಗೆ ಗಂಜಿ ಹಾಕಿ ಇಸ್ತ್ರಿ ಮಾಡುವಾಗ ಬರುವ ವಾಸನೆಯೇ ಇಡೀ ಕೋಣೆಯ ವಾಸನೆ. ಜರಡಿ ಹಿಡಿದ ಪುಡಿಯನ್ನು ಮಿಕ್ಸರಿಗೆ ಸುರಿದು, ಅದು ತಿರುಗುತ್ತಿರುವಾಗ ಗಂಜಿಯನ್ನು ಎಳೆ ಎಳೆಯಾಗಿ ಹೊಯ್ಯಬೇಕು. ನಡುನಡುವೆ ನಿಲ್ಲಿಸಿ, ಕೈಗವಸು ತೊಟ್ಟ ಕೈಯಲ್ಲಿ ಒಂದು ಹಿಡಿ ತೆಗೆದು ಮುಷ್ಟಿ ಕಟ್ಟಿ ನೋಡಬೇಕು. ಬಿಟ್ಟ ಕೂಡಲೇ ಉದುರಿದರೆ ಗಂಜಿ ಸಾಲದು. ಬೆರಳಿಗೆ ಮೆತ್ತಿಕೊಂಡರೆ ಹೆಚ್ಚಾಯಿತು. ಉಂಡೆ ನಿಂತು, ಹೆಬ್ಬೆರಳಲ್ಲಿ ಒತ್ತಿದರೆ ಎರಡು ಹೋಳಾಗಬೇಕು. ಅದು ಹದ. ಆಮೇಲೆ ದೊಡ್ಡ ಕಣ್ಣಿನ ಜರಡಿಯಲ್ಲಿ ಉಜ್ಜಿ, ತಟ್ಟೆಗಳಲ್ಲಿ ಹರಡಿ, ಬಿಸಿಗಾಳಿಯ ಬೀರುವಿನಲ್ಲಿ ಒಣಗಿಸಿ, ಸಣ್ಣ ಕಣ್ಣಿನ ಜರಡಿಯಲ್ಲಿ ಮತ್ತೆ ಹಾಯಿಸಿದರೆ ತರಿ. ಅದನ್ನು ಮುಚ್ಚಳದ ಡ್ರಮ್ಮುಗಳಲ್ಲಿ ತುಂಬಿ, ಚೀಟಿ ಅಂಟಿಸಿ, ಬಾಗಿಲ ಹೊರಗಿಡಬೇಕು. ಅಲ್ಲಿಗೆ ಅತ್ತೆಯ ಕೆಲಸ ಮುಗಿಯಿತು.

ಡ್ರಮ್ಮು ಹೋಗುತ್ತಿದ್ದದ್ದು ಓಣಿಯ ಆಚೆ ಬದಿಯ ಪ್ರೆಸ್ ಕೋಣೆಗೆ. ಎಣಿಸಿದರೆ ಹನ್ನೆರಡು ಹೆಜ್ಜೆ. ಒಂದು ಕೋಣೆಯ ಧೂಳು ಇನ್ನೊಂದಕ್ಕೆ ಹೋಗಬಾರದೆಂದು ಒಬ್ಬರ ಜಾಗಕ್ಕೆ ಇನ್ನೊಬ್ಬರು ಕಾಲಿಡುವಂತಿಲ್ಲ. ಇವರದ್ದು ನೀಲಿ ನಿಲುವಂಗಿ, ಅವರದ್ದು ಹಸಿರು. ಹೀಗಾಗಿ ಅತ್ತೆ ತಾವು ಕಟ್ಟಿದ ತರಿ ಮಾತ್ರೆಯಾಗುವುದನ್ನು ಒಂದು ದಿನವೂ ಕಣ್ಣಾರೆ ಕಂಡಿರಲಿಲ್ಲ.

ಸೋಮವಾರ ಊಟದ ಹೊತ್ತಿನಲ್ಲಿ ಅವರು ಪ್ರೆಸ್ ನಡೆಸುವ ಕೆಲಸಗಾರರನ್ನು ಹಿಡಿದರು. ಅತ್ತೆಗಿಂತ ನಾಲ್ಕೈದು ವರ್ಷ ಚಿಕ್ಕವರು, ಕಿವಿ ಸ್ವಲ್ಪ ಮಂದ.

“ತಮ್ಮಾ, ಬರೀ ಪುಡಿ ಹಾಕಿದ್ರೆ ನಿನ್ನ ಮೆಷಿನ್ನು ಮಾತ್ರೆ ಮಾಡಲ್ವಾ?”

“ಏನಕ್ಕಾ, ಪುಡಿ ಖಾಲಿಯಾಯ್ತಾ?”

“ಖಾಲಿ ಅಲ್ಲಪ್ಪಾ! ತರಿ ಮಾಡ್ದೆ ಹಾಗೇ ಹಾಕಿದ್ರೆ ಏನಾಗುತ್ತೆ ಅಂದೆ.”

ಆತ ತುತ್ತು ಕೈಯಲ್ಲೇ ಹಿಡಿದು ಯೋಚಿಸಿದರು. “ರಂಪ ಆಗುತ್ತೆ” ಎಂದರು. ಎಂಥ ರಂಪ ಎಂದರೆ ಹೇಳಲು ಬರಲಿಲ್ಲ. “ನೋಡಿದ್ರೇನೇ ಗೊತ್ತಾಗೋದು ಅಕ್ಕಾ.”

ಅತ್ತೆ ಊಟದ ಡಬ್ಬಿ ತೊಳೆದಿಟ್ಟು ನೇರ ಮ್ಯಾನೇಜರ ಕೋಣೆಗೆ ಹೋದರು. ಅಷ್ಟು ವರ್ಷದಲ್ಲಿ ತಾವಾಗಿಯೇ ಆ ಬಾಗಿಲು ತಟ್ಟಿದ್ದು ಅದು ಎರಡನೇ ಸಲ.

“ಪ್ರೆಸ್ ಕೋಣೆ ಒಂದ್ಸಲ ನೋಡ್ಬೇಕಿತ್ತು ಸಾರ್.”

“ಯಾಕಮ್ಮಾ, ಏನಾದ್ರೂ ತೊಂದ್ರೇನಾ?”

“ಒಂದು ಮಗು ಒಂದು ಮಾತು ಕೇಳಿದೆ ಸಾರ್. ಉತ್ತರ ಕೊಡ್ಬೇಕು.”

ಮ್ಯಾನೇಜರು ಪೂರ್ತಿ ವಿಷಯ ಕೇಳಿ ಕನ್ನಡಕ ತೆಗೆದಿಟ್ಟರು. ಬುಧವಾರ ಪ್ರೆಸ್ಸಿನ ಅಚ್ಚು ಬದಲಿಸುವ ದಿನ. ಹೊಸ ಅಚ್ಚು ಸರಿ ಕೂತಿದೆಯೇ ನೋಡಲು, ಔಷಧವಿಲ್ಲದ ಬರೀ ಪಿಷ್ಟ ಮತ್ತು ಹಾಲುಸಕ್ಕರೆಯ ತರಿ ಹಾಕಿ ಓಡಿಸುತ್ತಾರೆ. ಆ ಮಾತ್ರೆಗಳು ಹೇಗೂ ಕಸಕ್ಕೆ. “ಆವತ್ತು ಬನ್ನಿ. ಮೊದಲು ಪುಡಿ ಹಾಕಿ ತೋರಿಸ್ತಾರೆ, ಆಮೇಲೆ ತರಿ. ಹೊಸದಾಗಿ ಸೇರಿರೋ ಹುಡುಗ್ರಿಗೂ ಒಂದು ಪಾಠ ಆಗುತ್ತೆ” ಎಂದರು.

ಬುಧವಾರ ಅತ್ತೆ ಹಸಿರು ನಿಲುವಂಗಿ ತೊಟ್ಟು ಆ ಹನ್ನೆರಡು ಹೆಜ್ಜೆ ನಡೆದರು. “ಮದುವೆ ಮನೆಗೆ ಹೋದ ಹಾಗಿತ್ತು ಕಣೇ” ಎಂದು ನನಗೆ ಹೇಳಿದರು. ಪ್ರೆಸ್ಸು ಅವರು ಅಂದುಕೊಂಡದ್ದಕ್ಕಿಂತ ಚಿಕ್ಕದು. ಮೇಲೆ ಗಾಜಿನ ಕಿಂಡಿಯಿರುವ ದೊಡ್ಡ ಆಲಿಕೆ, ಕೆಳಗೆ ತಿರುಗುವ ತಟ್ಟೆ, ತಟ್ಟೆಯ ಸುತ್ತ ಗುಳಿಗಳು. ಆಲಿಕೆಯಿಂದ ಇಳಿದದ್ದು ಗುಳಿ ತುಂಬುತ್ತದೆ, ಮೇಲಿಂದ ಕೆಳಗಿಂದ ಉಕ್ಕಿನ ಬೆರಳುಗಳು ಬಂದು ಒತ್ತುತ್ತವೆ.

ಮೊದಲು ಪುಡಿ ಸುರಿದರು. ಯಂತ್ರ ತಿರುಗಿತು. ನಾಲ್ಕು ಮಾತ್ರೆ ಬಿದ್ದವು, ಆಮೇಲೆ ಏನೂ ಇಲ್ಲ. ಕಿಂಡಿಯಲ್ಲಿ ನೋಡಿದರೆ ಪುಡಿ ಆಲಿಕೆಯ ಒಂದು ಗೋಡೆಯಿಂದ ಇನ್ನೊಂದಕ್ಕೆ ಕಮಾನಿನಂತೆ ನಿಂತುಬಿಟ್ಟಿತ್ತು, ಕೆಳಗೆ ಖಾಲಿ. ಪ್ರೆಸ್ಸಿನವರು ಮರದ ಸುತ್ತಿಗೆಯಿಂದ ಆಲಿಕೆಗೆ ಬಡಿದರು. ಧೊಪ್ಪನೆ ಕುಸಿದು ಒಂದೇ ಸಲ ನುಗ್ಗಿತು. ಧೂಳೆದ್ದು ಎಲ್ಲರ ಹುಬ್ಬು ಬೆಳ್ಳಗಾಯಿತು. ಬಿದ್ದ ಮಾತ್ರೆಗಳಲ್ಲಿ ಒಂದು ದಪ್ಪ, ಒಂದು ಬಿಸ್ಕತ್ತಿನ ಹಾಗೆ ತೆಳು. ಇನ್ನೊಂದನ್ನು ಅತ್ತೆ ಎತ್ತಿಕೊಂಡರೆ ಅದರ ತಲೆ ಮುಚ್ಚಳದಂತೆ ಕಳಚಿ ಕೈಗೆ ಬಂತು.

“ಪುಡಿಯೊಳಗೆ ಗಾಳಿ ಇರುತ್ತಕ್ಕಾ. ಒತ್ತಿದಾಗ ಹೊರಗೆ ಹೋಗೋಕೆ ದಾರಿ ಸಿಗಲ್ಲ. ಅದಕ್ಕೇ ತಲೆ ಹಾರೋದು” ಎಂದರು ಪ್ರೆಸ್ಸಿನವರು. ಎದುರಿಗೆ ವಸ್ತು ಇದ್ದರೆ ಅವರಿಗೆ ಮಾತು ತಾನಾಗಿ ಬರುತ್ತಿತ್ತು.

ಯಂತ್ರ ಒರೆಸಿ, ಈ ಸಲ ತರಿ ಹಾಕಿದರು. ಅತ್ತೆಯೇ ಹಿಂದಿನ ದಿನ ಕಟ್ಟಿದ ತರಿ. ಅದು ಸರಸರನೆ ಇಳಿಯಿತು, ತಡೆಯಿಲ್ಲ, ಧೂಳಿಲ್ಲ. ಗುಳಿ ತುಂಬಿತು, ಮುಂದಿನ ಗುಳಿ ತುಂಬಿತು. ಟಪಟಪನೆ ಒಂದೇ ಅಳತೆಯ ಬಿಳಿ ಮಾತ್ರೆಗಳು ಬೀಳತೊಡಗಿದವು. ಅತ್ತೆ ಒಂದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನಿಂತಿದ್ದರಂತೆ. ಯಾರೋ ಬಂದು, “ಮುಷ್ಟಿಯಕ್ಕಾ, ಯಾಕೆ ಅಳ್ತಿದ್ದೀರಾ?” ಎಂದು ಕೇಳಿದರಂತೆ. “ಧೂಳು ಬಿತ್ತಪ್ಪಾ” ಎಂದರಂತೆ.

ಅಂದು ರಾತ್ರಿ ಊಟಕ್ಕೆ ಕುಳಿತಾಗ ಅತ್ತೆ ತಾವಾಗಿಯೇ ಮಾತು ಶುರುಮಾಡಿದರು. ಆಲಿಕೆ, ಕಮಾನು, ತಲೆ ಹಾರಿದ ಮಾತ್ರೆ ಎಲ್ಲ ಹೇಳುತ್ತ ಹೋದರು. ನನ್ನ ಗಂಡ ಕಣ್ಣುಬಾಯಿ ಬಿಟ್ಟು ಕೇಳುತ್ತಿದ್ದ. ಮಾವ ಅಭ್ಯಾಸಬಲದಿಂದ ನಡುವೆ ಬಾಯಿ ಹಾಕಿದರು.

“ಅದೆಲ್ಲ ಇರ್ಲಿ, ಪ್ಯಾಕಿಂಗ್‌ನವಳಿಗೆ ಅಲ್ಲಿ ಏನು ಕೆಲಸ ಅಂತ?”

“ನಾನು ಪ್ಯಾಕಿಂಗ್‌ನವಳಲ್ಲ ಕಣ್ರೀ. ಸೇರಿದ ಎರಡನೇ ವರ್ಷದಿಂದ ತರಿ ಮಾಡ್ತಿದ್ದೀನಿ.”

ಮಾವ ತಟ್ಟೆಯಿಂದ ಕೈ ತೆಗೆದರು. “ಇಷ್ಟು ವರ್ಷ ಒಂದ್ಮಾತು ಹೇಳ್ಲಿಲ್ವಲ್ಲೇ!”

“ಹೇಳೋಕೆ ಸಂದು ಎಲ್ಲಿತ್ತು?” ಎಂದರು ಅತ್ತೆ.

ನನ್ನ ಗಂಡನಿಗೆ ನಗು ತಡೆಯಲಾಗದೆ ನೆತ್ತಿಗೇರಿತು. ಮಾವ ಪೆಚ್ಚಾಗಿ, ಆಮೇಲೆ ತಾವೂ ನಕ್ಕು, ಅಂದು ಊಟ ಮುಗಿಯುವವರೆಗೆ ಬಾಯಿಗೆ ಬೀಗ ಹಾಕಿಕೊಂಡು ಕೇಳಿದರು. ಮರುದಿನ ಅಂಗಡಿಗೆ ಬಂದ ಮೊದಲ ಗಿರಾಕಿಗೇ, “ನಮ್ಮವಳ ಕೆಲಸ ಏನು ಗೊತ್ತೇನ್ರೀ?” ಎಂದು ಆರಂಭಿಸಿದ್ದು ಒಳಗೆ ನನಗೆ ಕೇಳಿಸಿತು.

ಶನಿವಾರ ಅತ್ತೆ ಮತ್ತೆ ಶಾಲೆಗೆ ಬಂದರು. ಕೈಯಲ್ಲಿ ಕಾಗದವಿರಲಿಲ್ಲ, ಒಂದು ಬುಟ್ಟಿ ಇತ್ತು. ಬುಟ್ಟಿಯಿಂದ ಒಂದೊಂದೇ ಸಾಮಾನು ತೆಗೆದು ನನ್ನ ಮೇಜಿನ ಮೇಲಿಟ್ಟರು. ಹಿಟ್ಟಿನ ಡಬ್ಬಿ, ಮುಚ್ಚಳ ಬಿಗಿದ ಗಂಜಿಯ ಪಾತ್ರೆ, ಅಡುಗೆಮನೆಯ ಎರಡು ಜರಡಿ, ಮಾವ ದಪ್ಪ ಕಾಗದದಲ್ಲಿ ಹೊಲಿದುಕೊಟ್ಟ ಎರಡು ಆಲಿಕೆ, ಒಂದು ಪೊಟ್ಟಣದಲ್ಲಿ ಕುಟ್ಟಿದ ಕೆಂಪು ಸೀಮೆಸುಣ್ಣ, ಇನ್ನೊಂದರಲ್ಲಿ ಮನೆಯಲ್ಲೇ ಮಾಡಿ ಒಣಗಿಸಿದ ತರಿ.

“ಮೊದ್ಲೇ ಹೇಳ್ತೀನಿ. ಇಲ್ಲಿ ಔಷಧ ಇಲ್ಲ, ಆದ್ರೂ ಯಾರೂ ಬಾಯಿಗೆ ಹಾಕ್ಕೋಬಾರದು. ಮನೇಲೂ ಅಷ್ಟೇ, ಮಾತ್ರೆ ಮಿಠಾಯಿ ಅಲ್ಲ” ಎಂದರು. ಆಮೇಲೆ ಯಾಕಮ್ಮನನ್ನು ಕರೆದರು. “ಬಾ ಮಗಾ. ಹೋದ ವಾರ ನೀನು ಕೇಳಿದ್ದಕ್ಕೆ ಉತ್ತರ ತಂದಿದ್ದೀನಿ. ಈ ಆಲಿಕೆ ಹಿಡ್ಕೋ.”

ಒಂದು ಆಲಿಕೆಗೆ ಹಿಟ್ಟು ಸುರಿದರು. ಒಂದು ಚಿಟಿಕೆ ಬಿದ್ದು ನಿಂತಿತು. ಯಾಕಮ್ಮ ಅಲ್ಲಾಡಿಸಿದಳು, ಧೊಪ್ಪನೆ ಬಿದ್ದು ಅವಳ ಮೂಗಿನ ಮೇಲೆಲ್ಲ ಹಿಟ್ಟು. ತರಗತಿ ಹೋ ಎಂದಿತು. ಇನ್ನೊಂದು ಆಲಿಕೆಗೆ ತರಿ ಹಾಕಿದರು. ಅದು ಸುರ್ರನೆ ಇಳಿದು ಲೋಟ ತುಂಬಿತು.

“ಹಿಟ್ಟು ಯಾಕೆ ನಿಲ್ತು?” ಎಂದು ಕೇಳಿದಳು ಯಾಕಮ್ಮ, ಮೂಗು ಒರೆಸಿಕೊಳ್ಳುತ್ತ.

“ಹಿಟ್ಟಿನ ಕಣ ಬಹಳ ಸಣ್ಣದು, ಬಹಳ ಹಗುರ. ಒಂದನ್ನೊಂದು ಅಂಟಿಕೊಂಡೇ ಇರುತ್ತೆ. ಮೊದಲ ದಿನ ಶಾಲೆಗೆ ಬಂದ ಮಕ್ಕಳು ಕೈ ಕೈ ಹಿಡ್ಕೊಂಡು ಬಾಗಿಲಲ್ಲಿ ನಿಂತುಬಿಡಲ್ವಾ, ಹಾಗೆ. ಅವನ್ನ ಹತ್ತಿಪ್ಪತ್ತು ಸೇರಿಸಿ ಒಂದು ಗಟ್ಟಿ ಗುಂಪು ಮಾಡಿದ್ರೆ ಭಾರ ಬರುತ್ತೆ, ಉರುಳೋಕೆ ಶುರುಮಾಡುತ್ತೆ. ಆ ಗುಂಪೇ ತರಿ.”

ಆಮೇಲೆ ಹಿಟ್ಟಿಗೆ ಕೆಂಪು ಸೀಮೆಸುಣ್ಣದ ಪುಡಿ ಬೆರೆಸಿದರು. “ಹಿಟ್ಟು ಜಾಸ್ತಿ, ಕೆಂಪು ಒಂಚೂರು. ಔಷಧ ಯಾವಾಗ್ಲೂ ಒಂಚೂರೇ ಇರೋದು. ಡಬ್ಬಿ ಅಲ್ಲಾಡ್ತಾ ಇದ್ರೆ ಸಣ್ಣದು ಒಂದ್ಕಡೆ, ದಪ್ಪದು ಒಂದ್ಕಡೆ ಆಗಿಬಿಡುತ್ತೆ. ಒಬ್ಬರಿಗೆ ಬರೀ ಹಿಟ್ಟು, ಇನ್ನೊಬ್ಬರಿಗೆ ಬರೀ ಔಷಧ ಹೋದ್ರೆ?”

“ಅಯ್ಯೋ!” ಎಂದಿತು ಮುಂದಿನ ಬೆಂಚು.

“ಅದಕ್ಕೇ ಎರಡನ್ನೂ ಗಂಜಿ ಹಾಕಿ ಒಟ್ಟಿಗೆ ಕಟ್ಟೋದು. ಆಗ ಒಂದೊಂದು ತರೀಲೂ ಎರಡೂ ಇರುತ್ತೆ.”

ಮಕ್ಕಳನ್ನು ಐದೈದು ಜನರ ಗುಂಪು ಮಾಡಿ, ಕೈಗೆ ಹಿಟ್ಟು ಕೊಟ್ಟು, ಚಮಚದಲ್ಲಿ ಗಂಜಿ ಹನಿಸುತ್ತ ಬೆಂಚಿಂದ ಬೆಂಚಿಗೆ ಓಡಾಡಿದರು. “ಮುಷ್ಟಿ ಕಟ್ಟು. ಬಿಡು. ಉದುರ್ತಾ? ಇನ್ನೊಂದು ಹನಿ ಹಾಕೋಣ. ನಿಂದು ಮೆತ್ತಿಕೊಳ್ತಿದೆ, ಸ್ವಲ್ಪ ಹಿಟ್ಟು ತಗೋ.” ನಾನು ಅತ್ತೆಯ ಬಾಯಿಂದ ಅಷ್ಟು ಮಾತು ಒಟ್ಟಿಗೆ ಕೇಳಿದ್ದು ಅದೇ ಮೊದಲು. ಹದಕ್ಕೆ ಬಂದದ್ದನ್ನು ಜರಡಿಯಲ್ಲಿ ಉಜ್ಜಿ ತೆಗೆದು, ಹಳೇ ಪತ್ರಿಕೆಯ ಮೇಲೆ ಹರಡಿ, ಬಿಸಿಲು ಬೀಳುವ ಕಿಟಕಿಕಟ್ಟೆಯ ಮೇಲೆ ಇಟ್ಟರು. ಎಲ್ಲವೂ ತಿಳಿಗುಲಾಬಿ ಬಣ್ಣದ ತರಿ.

ಒಬ್ಬ ಹುಡುಗನ ಗುಂಪಿನದು ಮಾತ್ರ ಅಂಟಂಟಾಗಿ, ಜರಡಿಯಿಂದ ದಾರದಂತೆ ಇಳಿಯಿತು. ಅವನ ಮುಖ ಸಣ್ಣಗಾಯಿತು. “ಅಜ್ಜಿ, ನೀವು ಯಾವತ್ತಾದ್ರೂ ಹಾಳುಮಾಡಿದ್ದೀರಾ?” ಎಂದು ಕೇಳಿದ.

ಅತ್ತೆ ಕೈ ಒರೆಸಿಕೊಂಡು ನನ್ನ ಕುರ್ಚಿಯಲ್ಲಿ ಕುಳಿತರು.

“ಮಾಡಿದ್ದೀನಿ. ಒಂದೇ ಸಲ. ಆ ಕೋಣೆ ನನ್ನ ಕೈಗೆ ಬಂದ ವರ್ಷ. ಇನ್ನು ಇದರಲ್ಲಿ ನಂಗೆ ಗೊತ್ತಿಲ್ದೆ ಇರೋದು ಏನೂ ಇಲ್ಲ ಅನ್ನೋ ಜಂಬ ಬಂದಿತ್ತು. ಮುಷ್ಟಿ ಕಟ್ಟಿ ನೋಡ್ದೆ, ಕಣ್ಣಂದಾಜಲ್ಲೇ ಗಂಜಿ ಹೊಯ್ದುಬಿಟ್ಟೆ. ಜರಡೀಲಿ ಹೀಗೇ ದಾರದ ಹಾಗೆ ಬಂತು. ಒಣಗಿದ ಮೇಲೆ ಕಲ್ಲಿನ ಹಾಗಾಯ್ತು.”

“ಬೈದ್ರಾ?”

“ಯಾರಿಗೂ ಗೊತ್ತಾಗ್ಲಿಲ್ಲ. ಡ್ರಮ್ಮಿಗೆ ತುಂಬಿ, ಮುಚ್ಚಳ ಹಾಕಿ, ಬಸ್ ಸ್ಟಾಪಿಗೆ ಬಂದು ನಿಂತೆ. ಬಸ್ಸೂ ಬಂತು. ಹತ್ತೋಕೆ ಕಾಲೇ ಏಳ್ಲಿಲ್ಲ. ಯಾರಿಗೋ ಜ್ವರ ಬರುತ್ತೆ, ಆ ಮಾತ್ರೆ ನುಂಗ್ತಾರೆ. ಅದು ಹೊಟ್ಟೇಲಿ ಕರಗೋದೇ ಇಲ್ಲ, ಹಾಗೇ ಹೊರಗೆ ಹೋಗುತ್ತೆ. ಮಾತ್ರೆ ತಗೊಂಡಿದ್ದೀನಲ್ಲ, ಜ್ವರ ಯಾಕೆ ಇಳೀತಿಲ್ಲ ಅಂತ ಅವರು ಕಾಯ್ತಾ ಮಲಗಿರ್ತಾರೆ. ಅದೇ ಕಣ್ಮುಂದೆ ಬಂತು. ವಾಪಸ್ ಹೋಗಿ ಮ್ಯಾನೇಜರ್ ಬಾಗಿಲು ತಟ್ಟಿದೆ.”

“ಆಮೇಲೆ?”

“ಇಡೀ ಮಿಕ್ಸರಿನ ಮಾಲು ಎಸೆದ್ರು. ಮೂರು ತಿಂಗಳು ನನ್ನನ್ನ ಡ್ರಮ್ಮು ತೊಳೆಯೋಕೆ ಹಾಕಿದ್ರು. ತೊಳೆದೆ. ಆಮೇಲೆ ವಾಪಸ್ ಕರೆದ್ರು. ಅವತ್ತಿಂದ ಒಂದು ದಿನಾನೂ ಮುಷ್ಟಿ ಕಟ್ಟದೆ ಬಿಟ್ಟಿಲ್ಲ.”

ಆ ಹುಡುಗ ತನ್ನ ಬೆರಳಿಗೆ ಮೆತ್ತಿದ್ದ ಹಿಟ್ಟು ನೋಡಿಕೊಂಡ. “ನಾನೂ ಇನ್ನೊಂದ್ಸಲ ಮಾಡ್ಲಾ?” ಎಂದ. ಅತ್ತೆ ಡಬ್ಬಿ ಅವನ ಕಡೆ ಸರಿಸಿದರು.

ಮನೆಗೆ ಬರುವ ದಾರಿಯಲ್ಲಿ ಬುಟ್ಟಿ ನಾನು ಹಿಡಿದುಕೊಂಡೆ. ಅವರೇ ಹೇಳಿದರು, “ಆ ಮೂರು ತಿಂಗಳ ವಿಷಯ ಮನೇಲಿ ಯಾರಿಗೂ ಹೇಳಿಲ್ಲ. ಬದಲಿ ಕೆಲಸ ಅಂದಿದ್ದೆ. ನಿಮ್ಮ ಮಾವ ಅಂಗಡೀಲಿ ಎಲ್ರಿಗೂ ಹೇಳ್ಬಿಡ್ತಾರೆ ಅಂತ ಭಯ.”

“ಈಗ?”

“ಈಗ ಹೇಳ್ತೀನಿ. ಅಂಗಡೀಲಿ ಹೇಳಿದ್ರೆ ಹೇಳ್ಲಿ ಬಿಡು.”

ಹೇಳಿದರು. ನಮಗೆ ತಿಳಿದಂತೆ ಮಾವ ಇಂದಿನವರೆಗೆ ಆ ಮಾತು ಅಂಗಡಿಯಲ್ಲಿ ಎತ್ತಿಲ್ಲ.

ಮರುವಾರ ಹೆಡ್‌ಮಾಸ್ಟರು ನನ್ನನ್ನು ಕರೆಸಿ, “ನಾಲ್ಕನೇ ತರಗತಿಯವರು ತಮಗೆ ಯಾಕಿಲ್ಲ ಅಂತ ಗಲಾಟೆ ಮಾಡ್ತಿದ್ದಾರೆ. ನಿಮ್ಮತ್ತೇನ ಇನ್ನೊಂದ್ಸಲ ಕರೀತೀರಾ?” ಎಂದರು. ಅತ್ತೆ ಆ ವರ್ಷ ಆರು ತರಗತಿಗಳಿಗೆ ತರಿ ಹೇಳಿಕೊಟ್ಟರು. ಬೇರೆ ಶಾಲೆಯಿಂದಲೂ ಕರೆ ಬಂತು. ಆದರೆ ಮಕ್ಕಳು ತರಿಗೇ ನಿಲ್ಲುತ್ತಾರೆಯೇ? ಗಂಜಿ ನೋಡಿದವರು, “ಅಂಟು ಯಾಕೆ ಅಂಟುತ್ತೆ?” ಎಂದು ಕೇಳಿದರು.

“ಅದು ನಂಗೊತ್ತಿಲ್ಲ. ಗೊತ್ತಿರೋರನ್ನ ಹುಡುಕೋಣ” ಎಂದರು ಅತ್ತೆ. ಮುಂದಿನ ತಿಂಗಳು ಪುಸ್ತಕ ಕಟ್ಟುವವರೊಬ್ಬರನ್ನು ಒಪ್ಪಿಸಿ ಕರೆತಂದರು. ಆಮೇಲೆ ಬೀಗ ರಿಪೇರಿಯವರು ಬಂದರು, ತಕ್ಕಡಿ ತಿದ್ದುವ ಹೆಂಗಸೊಬ್ಬರು ಬಂದರು. ನಾನೂ ಬರುತ್ತೇನೆಂದು ಹಟ ಹಿಡಿದ ಮಾವನನ್ನೂ ಒಂದು ಶನಿವಾರ ಕರೆದೆವು. ಬಟ್ಟೆ ಕತ್ತರಿಸುವಾಗ ಅಡ್ಡ ಎಳೆ, ಉದ್ದ ಎಳೆ ಯಾಕೆ ನೋಡಬೇಕು ಎನ್ನುವುದು ಅವರ ವಿಷಯ. ಅರ್ಧ ಗಂಟೆಯ ಪಾಠ ಎರಡು ಪೀರಿಯಡ್ ನುಂಗಿತು. ಕೊನೆಗೆ ಹೆಡ್‌ಮಾಸ್ಟರೇ ಗಂಟೆ ಬಾರಿಸಿ ಬಿಡಿಸಬೇಕಾಯಿತು. ಮಕ್ಕಳಿಗೆ ಮಾತ್ರ ಅವರನ್ನು ಕಂಡರೆ ಬಲು ಇಷ್ಟ.

ಅತ್ತೆ ಹೋದ ವರ್ಷ ನಿವೃತ್ತರಾದರು. ಅವರ ಜಾಗಕ್ಕೆ ಬಂದ ಹೆಣ್ಣುಮಗಳನ್ನು ಮೊದಲ ವಾರವೇ ಪ್ರೆಸ್ ಕೋಣೆಗೆ ಕರೆದೊಯ್ದು ತೋರಿಸಬೇಕೆಂದು ಮ್ಯಾನೇಜರಿಗೆ ಹೇಳಿ, ಒಪ್ಪಿಸಿ ಬಂದರು. ಈಗ ಅವರಿಗೆ ಶಾಲೆಯ ಕೆಲಸವೇ ಕೈತುಂಬ. ಮಕ್ಕಳ ಪ್ರಶ್ನೆಗಳನ್ನು ಒಂದು ನೋಟುಪುಸ್ತಕದಲ್ಲಿ ದೊಡ್ಡ ದೊಡ್ಡ ಅಕ್ಷರಗಳಲ್ಲಿ ಬರೆದಿಟ್ಟುಕೊಳ್ಳುತ್ತಾರೆ. ಈ ತಿಂಗಳ ಪ್ರಶ್ನೆ, ಕನ್ನಡಿಯ ಹಿಂದೆ ಏನು ಬಳಿದಿರುತ್ತಾರೆ ಎನ್ನುವುದು. ಗಾಜಿನ ಅಂಗಡಿಯವರಿಬ್ಬರು ಪುರುಸೊತ್ತಿಲ್ಲ ಎಂದು ಸಾಗಹಾಕಿದ್ದಾರೆ. ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಹಳೇ ಕನ್ನಡಿಗಳಿಗೆ ಹೊಸ ಲೇಪ ಕೊಡುವ ಮುದುಕರೊಬ್ಬರಿದ್ದಾರೆ ಎಂದು ಯಾರೋ ಹೇಳಿದರು. ಇವತ್ತು ಬೆಳಿಗ್ಗೆ ಅತ್ತೆ ಚಪ್ಪಲಿ ಮೆಟ್ಟಿಕೊಂಡು ಅವರನ್ನು ಹುಡುಕಿಕೊಂಡು ಹೋಗಿದ್ದಾರೆ. ಊಟಕ್ಕೆ ಕಾಯಬೇಡಿ ಎಂದು ಹೇಳಿಹೋಗಿದ್ದಾರೆ.